ಬಟ್ಟೆ ಕೋಣೆಯ ಗೋಡೆ

ಬೇರೆ ಊರುಗಳಲ್ಲಿ ಗೋಡೆಗೆ ಕಿವಿ ಇರುತ್ತದಂತೆ. ನಮ್ಮೂರಿನಲ್ಲಿ ಬಾಯಿಯೂ ಇದೆ. ಸಂಜೆ ಆರಕ್ಕೆ ದೀಪ ಹಚ್ಚಿದೊಡನೆ, ಹಿಂದಿನ ದಿನದ ದೀಪದಿಂದ ಈಚೆಗೆ ತನ್ನೆದುರು ಯಾರು ಏನು ಮನಸ್ಸಿಟ್ಟು ಆಡಿದ್ದರೋ ಅದನ್ನು ಅವರದೇ ದನಿಯಲ್ಲಿ ಒಂದು ಸಲ ಹೇಳಿ ಗೋಡೆ ಸುಮ್ಮನಾಗುತ್ತದೆ. ಹಾಳುಹರಟೆ ಅದಕ್ಕೆ ಬೇಕಿಲ್ಲ. ಹೀಗಾಗಿ ನಮ್ಮೂರಲ್ಲಿ ಅತ್ತೆಯನ್ನು ಬೈಯಬೇಕಾದ ಸೊಸೆಯರು ಬಾವಿಕಟ್ಟೆಗೆ ಹೋಗುತ್ತಾರೆ. ಸುಳ್ಳು ಹೇಳುವವರು ಬಾಯಿ ಬಿಡದೆ ಬರೀ ತಲೆ ಆಡಿಸುತ್ತಾರೆ. ಬರೆದಿಡುವ ರೂಢಿ ಯಾರಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಗೋಡೆ ಇರುವಾಗ ಕಾಗದ ಯಾಕೆ?

ನಾನು ಚೆಲುವಾಂಬ, ಎಲ್ಲರ ಬಾಯಲ್ಲಿ ಚೆಲ್ವಕ್ಕ. ಕೆರೆ ಬೀದಿಯ ಕೊನೆಯಲ್ಲಿರುವ ಹೆಂಚಿನ ಮನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಅಲ್ಲಿ ಆರು ಜನ ಇದ್ದಾರೆ. ವಯಸ್ಸಿಗೆ ಬಂದವರೇ, ಆದರೆ ಕಲಿಯುವುದು ನಿಧಾನ. ಸ್ನಾನಕ್ಕೆ, ಊಟಕ್ಕೆ, ರಸ್ತೆ ದಾಟುವುದಕ್ಕೆ ಅವರಿಗೊಂದು ಆಸರೆಯ ಕೈ ಬೇಕು. ಗಡಿಯಾರದ ಕೆಳಗೇ ನಿಂತು ಊರಿಗೆಲ್ಲ ಗಂಟೆ ಹೇಳುವ ಕೆಂಪರಾಜು ಇದ್ದಾನೆ, ಐವತ್ತು ವರ್ಷದವನು. ಮಾತ್ರೆಯನ್ನು ನಾಲಿಗೆಯಡಿ ಬಚ್ಚಿಟ್ಟುಕೊಳ್ಳುವ ಫಿಲೋಮಿನಾ ಇದ್ದಾಳೆ. ಮತ್ತೆ ನನ್ನ ವಾರಿಜ. ನನ್ನ ವಾರಿಜ ಅಂದೆ, ನೋಡಿ, ಇನ್ನೂ ಬಿಟ್ಟಿಲ್ಲ ಈ ಚಾಳಿ. ಹತ್ತೊಂಬತ್ತು ವರ್ಷದವಳಿದ್ದಾಗ ಬಂದಳು, ಈಗ ಮೂವತ್ತೆಂಟು. ಅವಳಿಗೆ ಜಡೆ ಹೆಣೆದದ್ದು, ಉಗುರು ಕತ್ತರಿಸಿದ್ದು, ಗುಡುಗಿದಾಗ ಸೆರಗಿನೊಳಗೆ ಹುದುಗಿಸಿಕೊಂಡದ್ದು ಎಲ್ಲ ನಾನೇ. ನನ್ನ ಮನೆಯ ಗೋಡೆಗಳು ಸಂಜೆ ಹೇಳುವುದು ನಾನು ಬೆಕ್ಕಿಗೆ ಬೈದದ್ದನ್ನು ಮಾತ್ರ. ಮಾತಾಡುವ ಜೀವ ಅಂತ ನನಗಿದ್ದದ್ದು ಕೆರೆ ಬೀದಿಯ ಆ ಮನೆಯಲ್ಲೇ.

ಊರಿನ ಕಚೇರಿಯಿಂದ ಹಿರಿಯಣ್ಣಯ್ಯ ಅನ್ನುವ ಕೇಳುವ ಸಾಹೇಬರು ಬರುತ್ತಿದ್ದರು. ಇಂಥ ಮನೆಗಳಲ್ಲಿ ಇರುವವರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಎಂದು ಪರೀಕ್ಷಿಸುವುದು ಅವರ ಕೆಲಸ. ಹೇಳದೆ ಕೇಳದೆ ಸರಿಯಾಗಿ ದೀಪದ ಹೊತ್ತಿಗೆ ಬಂದು, ಕುರ್ಚಿ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಕೂರುವರು. ಎಲ್ಲ ಕೇಳಿಯಾದ ಮೇಲೆ, "ಈ ಮನೇಲಿ ಯಾರೂ ಯಾರ್ನೂ ಗದರಲ್ಲ ಕಣಮ್ಮ" ಎಂದು ಬಾಗಿಲ ಮೇಲೆ ಹೊಸದಾಗಿ ಹಸಿರು ಪಟ್ಟಿ ಬಳಿಸಿ ಹೋಗುವರು. ಆ ಹಸಿರು ಪಟ್ಟಿ ನನ್ನದು ಅಂತಲೇ ನಾನು ಅಂದುಕೊಂಡಿದ್ದೆ. ಮನೆ ನಡೆಸುವ ಸರ್ವಮಂಗಳ ಮೇಡಂ ಕೂಡ ಹಾಗೇ ಹೇಳುತ್ತಿದ್ದರು.

ಅಲ್ಲಿ ಪಾಳಿ ಒಪ್ಪಿಸುವುದು ಅಂತ ಒಂದು ಪದ್ಧತಿ. ಸಂಜೆ ಐದೂವರೆಗೆ ನಾನು ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಯ ಗೋಡೆಯ ಮುಂದೆ ನಿಂತು ಆ ದಿನದ್ದನ್ನೆಲ್ಲ ಹೇಳುತ್ತಿದ್ದೆ. "ಕೆಂಪರಾಜಂಗೆ ಎಡಗಾಲಲ್ಲಿ ಬೊಬ್ಬೆ ಎದ್ದಿದೆ, ಚಪ್ಪಲಿ ಬೇಡ. ಫಿಲೋಮಿನಾಗೆ ಬಾಯಿ ತೆಗೆಸಿ ನೋಡು. ವಾರಿಜಂಗೆ ನೆಗಡಿ, ತಣ್ಣೀರು ಕೊಡ್ಬೇಡ." ದೀಪ ಹಚ್ಚಿದಾಗ ಗೋಡೆ ಅದನ್ನು ಒಪ್ಪಿಸುತ್ತದೆ, ರಾತ್ರಿ ಪಾಳಿಯವರು ನಿಂತು ಕೇಳಿಸಿಕೊಳ್ಳುತ್ತಾರೆ. ಎದುರೆದುರು ಹೇಳಿದ್ದಕ್ಕೆ ಬೆಲೆಯಿಲ್ಲ, ಗೋಡೆಗೆ ಹೇಳಿದರೇ ಒಪ್ಪಿಸಿದಂತೆ. ದೀಪ ಅಡುಗೆಮನೆಯಿಂದ ಶುರುವಾಗಿ ಹಜಾರ, ಮಲಗುವ ಕೋಣೆಗಳು, ಕೊನೆಗೆ ಹಿತ್ತಿಲ ಕಡೆಯ ಬಟ್ಟೆ ಕೋಣೆಗೆ ಹೋಗುತ್ತದೆ. ದೀಪ ಹೋದಂತೆ ಗೋಡೆಗಳ ಮಾತೂ ಹೋಗುತ್ತದೆ. ನಾನು ಹಜಾರದ ದೀಪ ಹಚ್ಚಿದವಳೇ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದೆ. ಬಟ್ಟೆ ಕೋಣೆಯ ಗೋಡೆ ಏನು ಹೇಳುತ್ತದೆಂದು ಒಂದು ದಿನವೂ ಕೇಳಿರಲಿಲ್ಲ. ವಾರಿಜ ಊಟವಾದ ಮೇಲೆ ಅಲ್ಲಿ ಒಬ್ಬಳೇ ಕೂತು ಏನೋ ಗೊಣಗುತ್ತ ಟವೆಲ್ ಮಡಚುತ್ತಿದ್ದಳು. ಟವೆಲ್ಲಿನ ಹತ್ತಿರ ಅವಳಿಗೇನು ಮಹಾ ಮಾತು ಎಂದುಕೊಂಡಿದ್ದೆ.

ಇಂಥ ಮನೆಗೆ ಸಿಂಚನ ಬಂದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಸಣಕಲು, ನಕ್ಕರೆ ಒಸಡು ಕಾಣುತ್ತದೆ. ಮಧ್ಯಾಹ್ನ ಬಂದರೆ ಮರುದಿನ ಬೆಳಿಗ್ಗೆವರೆಗೆ ಅವಳ ಪಾಳಿ. ಮೊದಲ ದಿನವೇ ವಾರಿಜಳ ಮುಂದೆ ಎರಡು ಚೂಡಿದಾರ ಹಿಡಿದು, "ವಾರಿಜಕ್ಕ, ನೀಲಿ ಹಾಕ್ಕೋತೀರಾ, ಹಳದಿ ಹಾಕ್ಕೋತೀರಾ?" ಎಂದು ಕೇಳಿದಳು. ಅಕ್ಕ ಅಂತೆ! ನೀವು ತಾವು ಅಂತೆ! ನಾನು ಇಷ್ಟು ವರ್ಷ ಬೆಳಿಗ್ಗೆ ಎದ್ದು ಕೈಗೆ ಸಿಕ್ಕಿದ್ದನ್ನು ತಲೆಗೆ ಹಾಕಿ ಎಳೆದದ್ದೇ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ನಾಲ್ಕು ದಿನ ಕಳೆಯಲಿ ಎಂದುಕೊಂಡೆ. ನಾಲ್ಕು ದಿನ ಕಳೆಯಿತು, ನಾಲ್ಕು ತಿಂಗಳೂ ಕಳೆಯಿತು. ವಾರಿಜ ಹಳದಿ ಬೇಕು ಎಂದು ಬೆರಳು ತೋರಿಸಿ ಹೇಳುವುದನ್ನು ಕಲಿತಳು. ಹಳದಿ ಅವಳಿಗೆ ಇಷ್ಟ ಅನ್ನುವುದು ನನಗೆ ಗೊತ್ತೇ ಇರಲಿಲ್ಲ, ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಆ ಹುಡುಗಿ ನನ್ನನ್ನೂ ಬಿಡಲಿಲ್ಲ. ಕಾಫಿ ತಂದರೆ ಸಕ್ಕರೆ ಇಲ್ಲದ್ದನ್ನೇ ತರುವಳು. ಸಕ್ಕರೆ ಕಾಯಿಲೆಯನ್ನು ನಾನು ಅವಳಿಗೆ ಯಾವತ್ತು ಹೇಳಿದ್ದೆ? ಅಟ್ಟದ ಮೆಟ್ಟಿಲ ಹತ್ತಿರ ಹೋದರೆ ಓಡಿಬಂದು, "ಇರಿ ಚೆಲ್ವಕ್ಕ, ನಾನು ತರ್ತೀನಿ" ಅನ್ನುವಳು. ಕೂತರೆ ಕಾಲ ಕೆಳಗೆ ಮಣೆ ನೂಕುವಳು. ನನ್ನನ್ನು ಮುದುಕಿ ಮಾಡಿ ಮೂಲೆಗೆ ಕೂರಿಸುವ ಹುನ್ನಾರ ಇದು ಎಂದು ನನಗೆ ಖಾತ್ರಿಯಾಗಿತ್ತು. "ನನ್ ಕೈಕಾಲು ಇನ್ನೂ ಗಟ್ಟಿ ಇದೆ ಕಣಮ್ಮ, ನಿನ್ ಕೆಲಸ ನೋಡ್ಕೊ" ಎಂದು ಒಂದು ದಿನ ಹೇಳಿಯೇಬಿಟ್ಟೆ. ಸಂಜೆ ಗೋಡೆ ಅದನ್ನು ಎಲ್ಲರೆದುರು ಒದರಿತು. ಅವಳು ತಲೆ ತಗ್ಗಿಸಿ ನಕ್ಕಳು.

ಆಮೇಲೆ ನಾನು ಮಾಡಬಾರದ್ದೊಂದನ್ನು ಮಾಡಿದೆ. ಹಜಾರದ ದೀಪ ಹಚ್ಚಿ ಮನೆಗೆ ಹೋಗದೆ, ವಾರಿಜಳ ಕೋಣೆಯ ಬಾಗಿಲ ಸಂದಿಯಲ್ಲಿ ಕಳ್ಳಿಯ ಹಾಗೆ ನಿಂತೆ. ಗೋಡೆಯ ತುಂಬ ಅವರಿಬ್ಬರ ನಗು. ಏನಕ್ಕೆ ನಕ್ಕಿದ್ದರೋ ಅದು ಗೊತ್ತಾಗಲಿಲ್ಲ, ಬರೀ ನಗು. ನಗು ನಿಂತ ಮೇಲೆ ವಾರಿಜಳ ದನಿ, ಸ್ಪಷ್ಟವಾಗಿ: "ಸ್ನಾನಕ್ಕೆ ಚೆಲ್ವಕ್ಕ ಬೇಡ. ಸಿಂಚು ಸಾಕು." ಅಯ್ಯೋ ಶಿವನೇ! ಹೆತ್ತವರು ಬಿಟ್ಟುಹೋದ ದಿನದಿಂದ ಅವಳ ಮೈಗೆ ನೀರು ಹೊಯ್ದ ಕೈ ಇದು. ಚೆಲ್ವಕ್ಕ ಬೇಡವಂತೆ. ದಾರಿಯುದ್ದಕ್ಕೂ ಅಳುತ್ತ ಹೋದೆ. ಮನೆಗೆ ಹೋಗಿ ಬೆಕ್ಕಿಗೂ ಬೈಯಲಿಲ್ಲ.

ಮರುದಿನದಿಂದ ಸ್ನಾನ ಸಿಂಚನಳ ಪಾಲಾಯಿತು. ನಾನು ಮಾತು ಬಿಟ್ಟೆ. ಅಡುಗೆಮನೆಯ ಗೋಡೆಗೆ ಒಪ್ಪಿಸುವುದನ್ನು ಮಾತ್ರ ಒಪ್ಪಿಸುತ್ತಿದ್ದೆ, ಅದೂ ಅಂಗಡಿಯಲ್ಲಿ ಸಾಮಾನು ಹೇಳಿದ ಹಾಗೆ.

ಹೀಗಿರುವಾಗ ಒಂದು ಬುಧವಾರ ಬೆಳಿಗ್ಗೆ ವಾರಿಜ ಇಡ್ಲಿ ತಿನ್ನುತ್ತ ಕೆಮ್ಮಿದಳು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಎರಡು ದಿನದಿಂದ ನೀರು ಕುಡಿದರೂ ಹಾಗೇ ಆಗುತ್ತಿತ್ತು. ಮೇಡಂ ಅಂದು ಊರಾಚೆ ಹೋಗಿದ್ದರು. ನಾನೊಬ್ಬಳೇ ಆಟೋದಲ್ಲಿ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಗಂಟಲು ನೋಡಿ, ನೀರು ನುಂಗಿಸಿ ನೋಡಿ ಹೇಳಿದರು: "ನುಂಗೋ ಶಕ್ತಿ ಕಮ್ಮಿಯಾಗಿದೆ. ಇವತ್ತಿಂದ ಗಟ್ಟಿ ಪದಾರ್ಥ ಒಂದೂ ಬೇಡ. ಬ್ರೆಡ್ಡು, ಬನ್ನು ಮುಟ್ಟಿಸ್ಲೇಬೇಡಿ. ಎಲ್ಲ ನುಣ್ಣಗೆ ಹಿಸುಕಿ, ನೆಟ್ಟಗೆ ಕೂರಿಸಿ, ಒಂದೊಂದೇ ಚಮಚ. ಮನೇಲಿ ಎಲ್ಲರಿಗೂ ಹೇಳಿ. ಜೀವದ ವಿಷ್ಯ." ನಾನು ಹೂಂ ಅಂದೆ. ಮಧ್ಯಾಹ್ನ ನಾನೇ ಅನ್ನವನ್ನು ಗಂಜಿಯ ಹಾಗೆ ಹಿಸುಕಿ ಉಣಿಸಿದೆ.

ಸಿಂಚನ ಬಂದಳು. ಬಂದೊಡನೆ ವಾರಿಜ ನನ್ನ ಕೈ ಬಿಡಿಸಿಕೊಂಡು, "ಸಿಂಚೂ!" ಎಂದು ಬಾಗಿಲಿಗೆ ಓಡಿದಳು. ತಟ್ಟೆಯಲ್ಲಿ ಇನ್ನೂ ಎರಡು ಚಮಚ ಅನ್ನ ಉಳಿದಿತ್ತು. ಆಗ ನನ್ನೊಳಗೆ ಏನೋ ಕೆಟ್ಟದ್ದು ಎದ್ದು ಕೂತಿತು. ಐದೂವರೆಗೆ ಗೋಡೆಯ ಮುಂದೆ ನಿಂತೆ. ಕೆಂಪರಾಜನದು ಹೇಳಿದೆ. ಫಿಲೋಮಿನಾಳದು ಹೇಳಿದೆ. ವಾರಿಜಳ ಹೆಸರು ಬಾಯಿಗೆ ಬಂತು. ಸಿಂಚನ ಅಷ್ಟು ಹತ್ತಿರದವಳಲ್ಲವಾ, ಅವಳಿಗೇ ಗೊತ್ತಾಗಲಿ, ಚೆಲ್ವಕ್ಕ ಇಲ್ಲದಿದ್ದರೆ ಈ ಮನೆ ನಡೆಯುವುದಿಲ್ಲ ಅಂತ ಒಂದು ಸಲ ಗೊತ್ತಾಗಲಿ ಎಂದುಕೊಂಡೆ. ವಾರಿಜ ಒಂದು ಸಲ ಕೆಮ್ಮಿದರೆ ಸಾಕು, ನನ್ನ ಹತ್ತಿರವೇ ಓಡಿಬರುತ್ತಾಳೆ. ಅಷ್ಟೇ ನನಗೆ ಬೇಕಾಗಿದ್ದದ್ದು. ನಾಲಿಗೆ ಕಚ್ಚಿಕೊಂಡು ಗೋಡೆಯ ಮುಂದಿನಿಂದ ಈಚೆ ಬಂದೆ.

ಆರಕ್ಕೆ ದೀಪ ಹಚ್ಚಿದೆ, ಗೋಡೆ ನಾನು ಹೇಳಿದಷ್ಟನ್ನು ಹೇಳಿತು, ಸಿಂಚನ ಕೈ ಕಟ್ಟಿ ನಿಂತು ಕೇಳಿದಳು. ನಾನು ಹಜಾರದ ದೀಪ ಹಚ್ಚಿ ಹೊರಟೆ. ಗೇಟಿನ ಚಿಲಕದ ಮೇಲೆ ಕೈಯಿಟ್ಟಿದ್ದೆ. ತಿರುಗಿ ಹೋಗಿ ಹೇಳಿಬಿಡಲೇ ಅನ್ನಿಸಿತು. ಅನ್ನಿಸಿದ್ದು ನಿಜ, ಆದರೆ ಹೋಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕಿರುಚಿದ್ದು ಕೇಳಿತು.

ನಾನು ಓಡಿದಾಗ ವಾರಿಜಳ ಮುಖ ನೀಲಿಯಾಗಿತ್ತು. ನೆಲದ ಮೇಲೆ ಚಹಾ ಚೆಲ್ಲಿತ್ತು, ತಟ್ಟೆಯಲ್ಲಿ ಬನ್ನಿನ ಚೂರುಗಳಿದ್ದವು. ಸಿಂಚನ ದಿನವೂ ಕೊಡುವ ಹಾಗೆ ಚೂರು ಮಾಡಿಯೇ ಕೊಟ್ಟಿದ್ದಳು. ಸಿಂಚನ ಅವಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು, ಒಂದು, ಎರಡು, ಮೂರು. ಆಮೇಲೆ ಹಿಂದಿನಿಂದ ತಬ್ಬಿ ಹೊಟ್ಟೆಯನ್ನು ಒತ್ತಿ ಮೇಲಕ್ಕೆತ್ತಿದಳು. ಅಷ್ಟು ಸಣಕಲು ದೇಹಕ್ಕೆ ಅಂಥ ಬಲ ಎಲ್ಲಿಂದ ಬಂತೋ. ನನ್ನ ಕೈಕಾಲು ಮಾತ್ರ ಕಟ್ಟಿಹಾಕಿದಂತಾಗಿತ್ತು. ಬನ್ನಿನ ಉಂಡೆ ಹೊರಗೆ ಬಿತ್ತು. ವಾರಿಜ ಉಸಿರೆಳೆದುಕೊಂಡಳು.

ಅವಳನ್ನು ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಗುರುವಾರ ಸಂಜೆ ಹಿರಿಯಣ್ಣಯ್ಯ ಬಂದರು. ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ದೀಪ ಹಚ್ಚಿದೊಡನೆ ಗೋಡೆ ಸಿಂಚನಳ ದನಿಯಲ್ಲಿ ಹೇಳಿತು: "ವಾರಿಜಕ್ಕ, ನಿಮಗಿಷ್ಟದ ಬನ್ನು ತಂದಿದೀನಿ. ನಿಧಾನಕ್ಕೆ ತಿನ್ನಿ." ಆಮೇಲೆ ಕೆಮ್ಮು. ಆಮೇಲೆ, "ಚೆಲ್ವಕ್ಕಾ! ಚೆಲ್ವಕ್ಕಾ, ಬನ್ನಿ!" ಆ ಹೊತ್ತಿನಲ್ಲಿ ಅವಳು ಕರೆದದ್ದು ನನ್ನನ್ನೇ.

ಹಿರಿಯಣ್ಣಯ್ಯ ನನ್ನ ಕಡೆ ತಿರುಗಿದರು. "ಗಟ್ಟಿ ಪದಾರ್ಥ ಕೊಡ್ಬೇಡಿ ಅಂತ ಡಾಕ್ಟ್ರು ನಿಮಗೆ ಹೇಳಿದ್ರಂತೆ. ನಿನ್ನೆ ಸಂಜೆ ಅದನ್ನ ಒಪ್ಪಿಸಿದ್ರಾ ಚೆಲುವಾಂಬ?"

ನಿನ್ನೆಯದನ್ನು ಗೋಡೆ ನಿನ್ನೆಯೇ ಹೇಳಿ ಮುಗಿಸಿಯಾಗಿತ್ತು. ಕೇಳಿದ್ದವಳು ಸಿಂಚನ ಒಬ್ಬಳೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಮಾತು ಆಡಲಿಲ್ಲ. ತಲೆ ಆಡಿಸಿದೆ. ಹೌದು ಅನ್ನುವ ಹಾಗೆ.

ಸಿಂಚನ ನನ್ನನ್ನೇ ನೋಡಿದಳು. "ನನಗೆ ಕೇಳಿದ ನೆನಪಿಲ್ಲ ಸಾರ್" ಎಂದಳು. ಆಮೇಲೆ, "ಚೆಲ್ವಕ್ಕ ಬಿಟ್ಟಿರಲ್ಲ. ನಾನೇ ಕಿವಿಗೊಡಲಿಲ್ವೇನೋ" ಎಂದಳು.

ಹತ್ತೊಂಬತ್ತು ವರ್ಷ ದುಡಿದವಳ ತಲೆಯಾಟ ಒಂದು ಕಡೆ, ನಾಲ್ಕು ತಿಂಗಳಿನವಳ ಮಾತು ಒಂದು ಕಡೆ. ಅವಳು ಅಂದೇ ಬಟ್ಟೆ ಕಟ್ಟಿಕೊಂಡು ಹೊರಟಳು. ಒಂದು ಮನೆಯಿಂದ ಹೀಗೆ ಹೊರಟವರನ್ನು ಊರಿನ ಇನ್ನೊಂದು ಮನೆ ಸೇರಿಸುವುದಿಲ್ಲ. ಹಸಿರು ಪಟ್ಟಿಯನ್ನು ಹಿರಿಯಣ್ಣಯ್ಯ ಸುಣ್ಣದಿಂದ ಅಳಿಸಿದರು. ಮೇಡಂ ನನ್ನ ಭುಜ ತಟ್ಟಿ, "ನೀವೊಬ್ರು ಇದ್ದೀರಲ್ಲ ಚೆಲ್ವಕ್ಕ" ಎಂದರು. ನಾನು ಬಯಸಿದ್ದು ಇದೇ ಮಾತು. ಕೇಳಿದೊಡನೆ ಭುಜ ಸರಿಸಿಕೊಂಡು ಪಾತ್ರೆ ತೊಳೆಯಲು ಹೋದೆ.

ಶನಿವಾರ ಮಧ್ಯಾಹ್ನ ವಾರಿಜ ವಾಪಸು ಬಂದಳು. ಬಂದವಳು ಮನೆಯೆಲ್ಲ ಸುತ್ತಿ ಹುಡುಕಿದಳು. "ಸಿಂಚು?" ಎಂದು ಕೇಳಿದಳು. ನಾನು ಉತ್ತರ ಕೊಡದೆ ಗಂಜಿ ಕಲಸಿದೆ. ನೆಟ್ಟಗೆ ಕೂರಿಸಿ, ಒಂದೊಂದೇ ಚಮಚ ಕೊಟ್ಟೆ. ಪ್ರತಿ ಚಮಚಕ್ಕೂ ನನ್ನ ಮುಖ ನೋಡುತ್ತಿದ್ದಳು. ಊಟ ಮುಗಿಸಿ ಎಂದಿನಂತೆ ಬಟ್ಟೆ ಕೋಣೆಗೆ ಹೋದಳು.

ಸಿಂಚನ ಇಲ್ಲದ್ದರಿಂದ ಹಿಂದಿನ ಎರಡು ಸಂಜೆ ಕೊನೆಯ ದೀಪ ಮೇಡಂ ಹಚ್ಚಿದ್ದರು, ಅಂದು ನಾನೇ ಇರಬೇಕಾಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ದೀಪ ಹಿಡಿದು ಬಟ್ಟೆ ಕೋಣೆಗೆ ಹೋದೆ. ಮಡಚಿದ ಟವೆಲ್ಲುಗಳ ಪಕ್ಕ ದೀಪ ಇಟ್ಟೆ. ಗೋಡೆ ವಾರಿಜಳ ದನಿಯಲ್ಲಿ ಮಾತಾಡಿತು. ಥೇಟ್ ನನ್ನದೇ ಧಾಟಿ, ನಾನು ಅಡುಗೆಮನೆಯಲ್ಲಿ ಪಾಳಿ ಒಪ್ಪಿಸುವ ಧಾಟಿ.

"ಚೆಲ್ವಕ್ಕಂಗೆ ಮಂಡಿ ನೋವು. ಮೆಟ್ಲು ಬೇಡ. ಚೆಲ್ವಕ್ಕಂಗೆ ಕಾಫಿ, ಸಕ್ಕರೆ ಬೇಡ. ಸ್ನಾನದ್ಮನೇಲಿ ಬಗ್ಗಿದ್ರೆ ಅಮ್ಮಾ ಅಂತಾಳೆ. ಸ್ನಾನಕ್ಕೆ ಸಿಂಚು ಬರ್ಲಿ." ಆಮೇಲೆ: "ಇವತ್ತು ಚೆಲ್ವಕ್ಕ ಊಟ ಮಾಡಿಲ್ಲ. ಚೆಲ್ವಕ್ಕಂಗೆ ಗಂಟ್ಲಲ್ಲಿ ಏನೋ ಸಿಕ್ಕೊಂಡಿದೆ. ಬೆನ್ನು ತಟ್ಟು."

ಎಷ್ಟು ವರ್ಷದಿಂದ ಅವಳು ದಿನವೂ ಇಲ್ಲಿ ಕೂತು ನನ್ನನ್ನು ಒಪ್ಪಿಸುತ್ತಿದ್ದಳೋ. ಕೇಳಿಸಿಕೊಂಡ ಮೊದಲನೆಯವಳು ಆ ಹುಡುಗಿ. ಕೇಳಿ, ಒಂದು ಮಾತೂ ಆಡದೆ, ಸಕ್ಕರೆ ಇಲ್ಲದ ಕಾಫಿ ತಂದಳು, ಕಾಲಿಗೆ ಮಣೆ ಇಟ್ಟಳು. ನಾನು ಒಬ್ಬಳಿಂದ ಕೆಲಸ ಕಿತ್ತುಕೊಂಡೆ, ಇನ್ನೊಬ್ಬಳಿಂದ ಜೀವವನ್ನೇ ಕಿತ್ತುಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮೇಡಂಗೆ ಹೇಳಿದೆ, ಸಂಜೆ ಆರಕ್ಕೆ ಹಿರಿಯಣ್ಣಯ್ಯನವರನ್ನೂ ಸಿಂಚನಳನ್ನೂ ಕರೆಸಿ ಅಂತ. "ಯಾಕೆ ಚೆಲ್ವಕ್ಕ?" ಎಂದರು. "ಪಾಳಿ ಒಪ್ಪಿಸೋದು ಬಾಕಿ ಇದೆ" ಎಂದೆ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಅಡುಗೆಮನೆಯ ಗೋಡೆಯ ಮುಂದೆ ನಿಂತು, ಬಾಯಿ ಬಿಟ್ಟು, ಗಟ್ಟಿಯಾಗಿ ಹೇಳಿದೆ. ಮಂಡಿ ನೋಯುತ್ತಿದ್ದರೂ ಮಣೆ ಎಳೆದುಕೊಳ್ಳಲಿಲ್ಲ.

"ಆರು ಗಂಟೆ!" ಎಂದ ಕೆಂಪರಾಜು. ಮೇಡಂ ದೀಪ ಹಚ್ಚಿದರು. ಹಿರಿಯಣ್ಣಯ್ಯ ಕುರ್ಚಿಯಲ್ಲಿ, ಸಿಂಚನ ಬಾಗಿಲ ಹತ್ತಿರ, ವಾರಿಜ ಅವಳ ಕೈ ಹಿಡಿದುಕೊಂಡು. ಈ ಸಲ ನೋಡಿ ನನಗೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಉರಿಯಿತು. ಗೋಡೆ ನನ್ನ ದನಿಯಲ್ಲಿ ಶುರು ಮಾಡಿತು.

"ವಾರಿಜಂಗೆ ಗಟ್ಟಿ ಪದಾರ್ಥ ಬೇಡ ಅಂತ ಡಾಕ್ಟ್ರು ಬುಧವಾರ ನನಗೆ ಹೇಳಿದ್ರು. ನಾನು ಗೋಡೆಗೆ ಹೇಳ್ಲಿಲ್ಲ. ಮರೆತದ್ದಲ್ಲ. ಬೇಕು ಅಂತ್ಲೇ ಹೇಳ್ಲಿಲ್ಲ. ಸಿಂಚನನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚು. ಸಾಹೇಬ್ರು ಕೇಳ್ದಾಗ ತಲೆ ಆಡಿಸ್ದೆ, ಅದು ಸುಳ್ಳು. ತಪ್ಪು ಅವಳದಲ್ಲ, ನಂದು. ವಾರಿಜಂಗೆ ಹಳದಿ ಬಣ್ಣ ಇಷ್ಟ. ಗುಡುಗಿದ್ರೆ ಬಲಗೈ ಹಿಡ್ಕೋಬೇಕು, ಎಡಗೈ ಹಿಡಿದ್ರೆ ಬಿಡಿಸ್ಕೋತಾಳೆ. ಇಷ್ಟೇ ನನಗೆ ಗೊತ್ತಿರೋದು. ಒಪ್ಪಿಸ್ದೆ."

ಗೋಡೆ ಸುಮ್ಮನಾಯಿತು. ಹಿರಿಯಣ್ಣಯ್ಯ ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿಟ್ಟರು. "ಬಾಯಿ ಬಿಟ್ಟು ಹೇಳಿದ್ರಲ್ಲ, ಅದು ದೊಡ್ಡದು. ಆದ್ರೆ ಜೀವದ ವಿಷ್ಯ ಚೆಲುವಾಂಬ. ನಾಳೆಯಿಂದ ನೀವು ಬರ್ಬೇಡಿ" ಎಂದರು. ಮೇಡಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಸಿಂಚನಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ನೋಡಬೇಕೆಂದು ಕೇಳುವ ಮುಖ ನನಗಿರಲಿಲ್ಲ.

ಚೀಲ ಹೆಗಲಿಗೇರಿಸಿಕೊಂಡೆ. ಅಳು ಗಂಟಲಿಗೆ ಬಂದು ನಿಂತಿತ್ತು, ಮೇಲಕ್ಕೂ ಬಾರದು, ಕೆಳಕ್ಕೂ ಇಳಿಯದು. ಅಷ್ಟರಲ್ಲಿ ವಾರಿಜ ಸಿಂಚನಳ ಕೈ ಬಿಟ್ಟು ನನ್ನ ಹತ್ತಿರ ಬಂದಳು. ನನ್ನ ಹೆಗಲು ಹಿಡಿದು ಮುಂದಕ್ಕೆ ಬಗ್ಗಿಸಿದಳು. ಆಮೇಲೆ ಬೆನ್ನಿಗೆ ಗುದ್ದಿದಳು, ಬಲವಾಗಿ, ಒಂದು, ಎರಡು, ಮೂರು. ಬಗ್ಗಿ ನನ್ನ ಬಾಯನ್ನೇ ನೋಡುತ್ತ, "ಬಂತಾ?" ಎಂದು ಕೇಳಿದಳು.

"ಬಂತು ಕಣಮ್ಮ" ಎಂದೆ.